ಥೈರಾಯ್ಡ್ ಇದೆ, ಮಾತ್ರೆ ತಗೋತಿದೀನಿ. ಇಮ್ಯೂನಿಟಿಗೆ ಅಂತ ಹತ್ತು ದಿನದಿಂದ ಅಮೃತಬಳ್ಳಿ ಪುಡಿನೂ ತಗೋತಿದೀನಿ, ನಮ್ಮತ್ತೆ ವರ್ಷಗಟ್ಟಲೆ ಕುಡಿದು ಚೆನ್ನಾಗಿದಾರೆ. ದಿನಾ ಎಷ್ಟು ತಗೋಬೇಕು? ಖಾಲಿ ಹೊಟ್ಟೇಲಾ, ಊಟ ಆದ್ಮೇಲಾ?

ಎಷ್ಟು, ಯಾವಾಗ ಅನ್ನೋದಿರಲಿ, ನೀವು ಥೈರಾಯ್ಡ್ ಮಾತ್ರೆ ತಗೋತಿದೀನಿ ಅಂತ ಬರೆದಿರೋದು ನೋಡಿ ನನಗೆ 2021 ನೆನಪಾಯ್ತು.

ಕೊರೊನಾ ಟೈಮಲ್ಲಿ ನಮ್ಮ ಹಿತ್ತಲ ಮಾವಿನ ಮರಕ್ಕೆ ಹಬ್ಬಿದ್ದ ಅಮೃತಬಳ್ಳೀನ ನಾಲ್ಕು ಬೆರಳುದ್ದ ಕತ್ತರಿಸಿ ಜಜ್ಜಿ, ಜೀರಿಗೆ ಮೆಣಸು ಹಾಕಿ, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯೋವರೆಗೂ ಕುದಿಸಿ ದಿನಾ ಬೆಳಗ್ಗೆ ಕುಡೀತಿದ್ದೆ. ಎರಡು ತಿಂಗಳಾಗಿರಬೇಕು, ಊಟ ಸೇರದಂಗಾಯ್ತು, ರಾತ್ರಿಯೆಲ್ಲಾ ಅಂಗೈ ಅಂಗಾಲು ಕೆರೆತ, ಮೂತ್ರ ಡಿಕಾಕ್ಷನ್ ಬಣ್ಣ. ಒಂದಿನ ಹಿತ್ತಲ ಬಾಗಿಲ ಬೆಳಕಲ್ಲಿ ಅಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ "ಕಾಮಾಲೆ ಕಣೇ" ಅಂದ್ಲು. ರಕ್ತ ಟೆಸ್ಟ್ ಮಾಡಿಸಿದ್ರೆ ಕಾಮಾಲೆ ಎಷ್ಟಿದೆ ಅಂತ ತೋರಿಸೋ ಬಿಲಿರುಬಿನ್ 1ರ ಆಸುಪಾಸಲ್ಲಿರಬೇಕಾದ್ದು 9, ಲಿವರ್‌ಗೆ ಪೆಟ್ಟಾದಾಗ ಏರೋ ಎಸ್‌ಜಿಪಿಟಿ 40ರ ಆಸುಪಾಸಲ್ಲಿರಬೇಕಾದ್ದು 800 ದಾಟಿತ್ತು.

ನಾನು ಕೆಟ್ಟಿದ್ದು ಇಲ್ಲೇ. ಡಾಕ್ಟರ್ ಮೊದಲ ದಿನಾನೇ ಕೇಳಿದ್ರು, ಬೇರೆ ಏನಾದ್ರೂ ಔಷಧಿ ತಗೋತೀರಾ ಅಂತ. ನಾನು "ಇಲ್ಲ ಸರ್, ಥೈರಾಯ್ಡ್ ಮಾತ್ರೆ ಒಂದೇ" ಅಂದೆ. ಬೇಕಂತ ಮುಚ್ಚಿಟ್ಟಿದ್ದಲ್ಲ, ನನ್ನ ಲೆಕ್ಕದಲ್ಲಿ ಕಷಾಯ ಔಷಧಿನೇ ಅಲ್ಲ, ಸಾರು, ಚಟ್ನಿ ಇದ್ದ ಹಾಗೆ ಅಡುಗೆಮನೆ ವಿಷಯ, ಡಾಕ್ಟರಿಗೆ ನಿನ್ನೆ ತಿಂದ ಸಾರು ಯಾರು ಹೇಳ್ತಾರೆ? ಆ ಒಂದು "ಇಲ್ಲ"ದಿಂದ ಹದಿನಾರು ದಿನ ಹೋಯ್ತು. ಹೆಪಟೈಟಿಸ್ ಎ, ಬಿ, ಸಿ, ಇ ಟೆಸ್ಟ್, ಸ್ಕ್ಯಾನಿಂಗು, ಎಲ್ಲಾ ನೆಗೆಟಿವ್, ಅವರು ಕಾರಣ ಹುಡುಕ್ತಾನೇ ಇದ್ರು, ನಾನು ಇತ್ತ ಲಿವರ್‌ಗೆ ಒಳ್ಳೇದು ಅಂತ ಯಾರೋ ಹೇಳಿದ್ದಕ್ಕೆ ಅದೇ ಕಷಾಯ ಸಂಜೆನೂ ಶುರು ಮಾಡಿದ್ದೆ. ಅಡ್ಮಿಟ್ ಆದಾಗ್ಲೂ ಅಮ್ಮ ಫ್ಲಾಸ್ಕಲ್ಲಿ ತರ್ತಿದ್ಲು. ಡ್ರಿಪ್ ಬದಲಾಯಿಸೋಕೆ ಬಂದ ನರ್ಸ್ ಮುಚ್ಚಳ ತೆಗೆದು ಮೂಸಿ "ಅಕ್ಕಾ, ಇದೇನಿದು, ಎಷ್ಟು ದಿನದಿಂದ ಕುಡೀತಿದೀರಾ?" ಅಂತ ಕೇಳಿದ್ಲು. ಆ ಪ್ರಶ್ನೆಯಿಂದಲೇ ವಿಷಯ ಡಾಕ್ಟರಿಗೆ ಗೊತ್ತಾಗಿದ್ದು. ಲಿವರ್‌ನ ಚೂರು ತೆಗೆದು ನೋಡೋ ಬಯಾಪ್ಸಿ ಆಯ್ತು, ಕಷಾಯ ನಿಲ್ತು, ಸ್ಟೀರಾಯ್ಡ್ ಕೊಟ್ರು, ನಾರ್ಮಲ್ ಆಗೋಕೆ ಮೂರು ತಿಂಗಳು ಬೇಕಾಯ್ತು.

ನನ್ನೊಬ್ಬಳ ಕಥೆ ಅಂದ್ಕೋಬೇಡಿ. 2021ರಲ್ಲಿ ಮುಂಬೈ ಡಾಕ್ಟರ್‌ಗಳು ಅಮೃತಬಳ್ಳಿ ತಗೊಂಡು ಹೀಗೇ ಲಿವರ್ ಕೆಟ್ಟ ಆರು ಜನರ ವಿವರ ಪ್ರಕಟಿಸಿದ್ರು, ಮರುವರ್ಷ ದೇಶದ ಬೇರೆಬೇರೆ ಕಡೆಯ ಡಾಕ್ಟರ್‌ಗಳು ಸೇರಿ 43 ಜನರದ್ದು ಪ್ರಕಟಿಸಿದ್ರು. ಆಯುಷ್ ಸಚಿವಾಲಯ ಮುಂಬೈ ವರದಿನ ಒಪ್ಪಲಿಲ್ಲ, ಅದನ್ನೇ ಹೋಲೋ ಬೇರೆ ಜಾತಿ ಬಳ್ಳಿ ಇರಬಹುದು ಅಂದ್ರು. ಹಾಗಿದ್ರೆ ಇನ್ನೂ ಭಯ ಅಲ್ವಾ? ನಮ್ಮ ಹಿತ್ತಲ ಬಳ್ಳಿ ಯಾವ ಜಾತಿ ಅಂತ ನಾನು ಲ್ಯಾಬಿಗೆ ಕೊಟ್ಟಿರಲಿಲ್ಲ, ನೀವು ತರೋ ಪುಡಿ ಯಾವ ಬಳ್ಳಿದು ಅಂತ ನಿಮಗೂ ಗೊತ್ತಿಲ್ಲ.

ಮತ್ತೆ ಈ "ಇಮ್ಯೂನಿಟಿ ಹೆಚ್ಚಿಸೋದು" ಅನ್ನೋ ಮಾತೇ ನಿಮಗೆ ಹೊಂದಲ್ಲ. ಥೈರಾಯ್ಡ್ ಕಮ್ಮಿ ಇರೋ ಹೆಂಗಸರಲ್ಲಿ ಬಹಳ ಜನಕ್ಕೆ ತಮ್ಮ ಇಮ್ಯೂನಿಟಿನೇ ಥೈರಾಯ್ಡ್ ಗ್ರಂಥಿ ಮೇಲೆ ಬಿದ್ದಿರುತ್ತೆ. ಅದನ್ನ ಇನ್ನಷ್ಟು ಕೆರಳಿಸಿದ್ರೆ ಲಿವರ್ ಮೇಲೂ ಬೀಳಬಹುದು, ನನಗಾಗಿದ್ದು ಅದೇ ಅಂದ್ರು ಡಾಕ್ಟರ್. ಖಾಲಿ ಹೊಟ್ಟೇನಾ ಊಟ ಆದ್ಮೇಲಾ ಅಂತ ನಾನು ಹೇಳಲ್ಲ, ಬೇಡವೇ ಬೇಡ. ನಿಮ್ಮ ಅತ್ತೆ ವರ್ಷಗಟ್ಟಲೆ ಕುಡಿದು ಚೆನ್ನಾಗಿದಾರೆ ಅಂದ್ರಲ್ಲ, ಇರಬಹುದು, ನಮ್ಮಮ್ಮನೂ ಅದೇ ಪಾತ್ರೆ ಕಷಾಯ ಕುಡಿದು ಚೆನ್ನಾಗೇ ಇದ್ಲು.

ಹತ್ತು ದಿನದಿಂದ ಪುಡಿ ತಗೋತಿದೀನಿ ಅಂದಿದೀರಿ. ಇವತ್ತೇ ನಿಲ್ಲಿಸಿ, ಒಂದು ಎಲ್‌ಎಫ್‌ಟಿ (ಲಿವರ್ ಹೇಗಿದೆ ಅಂತ ನೋಡೋ ರಕ್ತ ಪರೀಕ್ಷೆ) ಮಾಡಿಸಿ. ಡಬ್ಬಿ ಎಸೀಬೇಡಿ, ಥೈರಾಯ್ಡ್ ಡಾಕ್ಟರ್ ಹತ್ರ ಹೋಗುವಾಗ ಕೈಯಲ್ಲೇ ಹಿಡ್ಕೊಂಡು ಹೋಗಿ ಟೇಬಲ್ ಮೇಲಿಡಿ.