ಹನ್ನೊಂದು ಬಾರ್ ಬೇಡ, ಒಂದು ರೈಲು ಸಾಕು

ಓದುಗರ ಪತ್ರ: ಸಂಪಾದಕರೇ, ನವೆಂಬರ್‌ನಲ್ಲಿ ನಾವು ನಾಲ್ಕು ಜನ ಟೋಕಿಯೋಗೆ ಹೊರಟಿದ್ದೇವೆ. ನಾನು, ಇಬ್ಬರು ಸ್ನೇಹಿತರು, ಜೊತೆಗೆ ನನ್ನ ತಮ್ಮ. ಹೋಟೆಲ್ ಉಯೆನೊ ಸ್ಟೇಷನ್ ಹತ್ತಿರ. ಶುಕ್ರವಾರ ರಾತ್ರಿಯನ್ನು ಪೂರ್ತಿ ಬಾರ್ ಸುತ್ತೋಕೆ ಅಂತಲೇ ಇಟ್ಟುಕೊಂಡಿದ್ದೇವೆ. ಶಿಂಜುಕು, ಶಿಬುಯಾ, ಗಿಂಜಾ, ರೊಪ್ಪೊಂಗಿ ಸೇರಿಸಿ ಹನ್ನೊಂದು ಬಾರ್‌ಗಳ ಪಟ್ಟಿ ಮಾಡಿದ್ದೇನೆ, ಇದರ ಜೊತೆ ಕಳಿಸಿದ್ದೇನೆ. ಯಾವುದನ್ನು ಬಿಡಬೇಕು? ತಲೆಗೆ ಹತ್ತು ಸಾವಿರ ಯೆನ್ ಸಾಕಾಗುತ್ತಾ? ಒಬ್ಬ ಸ್ನೇಹಿತ ಸಸ್ಯಾಹಾರಿ. ತಮ್ಮನಿಗೆ 19 ವರ್ಷ, ಅವನು ಕುಡಿಯುವುದಿಲ್ಲ. ಮೊದಲೇ ಬುಕ್ ಮಾಡಬೇಕಾ?

ಉತ್ತರ: ಪಟ್ಟಿ ನೋಡಿದೆ. ಬಾರ್‌ಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅವು ಎಲ್ಲೆಲ್ಲಿವೆ ಅನ್ನುವುದರ ಬಗ್ಗೆ. ಶಿಂಜುಕುವಿನಿಂದ ರೊಪ್ಪೊಂಗಿ, ಅಲ್ಲಿಂದ ಗಿಂಜಾ, ಮತ್ತೆ ಶಿಬುಯಾ ಅಂತ ಓಡಾಡಿದರೆ ನೀವು ಬಾರ್‌ಗಿಂತ ಜಾಸ್ತಿ ನೋಡುವುದು ಸುರಂಗದ ಮೆಟ್ಟಿಲುಗಳನ್ನೇ. ಟೋಕಿಯೋದ ದೊಡ್ಡ ಸ್ಟೇಷನ್‌ಗಳಲ್ಲಿ ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ಹೋಗುವುದಕ್ಕೇ ಹತ್ತು ನಿಮಿಷ ಹಿಡಿಯುತ್ತದೆ. ಎರಡು ಗ್ಲಾಸ್ ಆದ ಮೇಲೆ ಇನ್ನೂ ಜಾಸ್ತಿ.

ಇನ್ನೊಂದು ವಿಷಯ. ಆ ಊರಿನಲ್ಲಿ ರಾತ್ರಿಯ ಯಜಮಾನ ಕೊನೆಯ ರೈಲು. ನಡುರಾತ್ರಿ ದಾಟಿ ಸ್ವಲ್ಪ ಹೊತ್ತಿಗೆ ಮೆಟ್ರೋ ನಿಂತುಹೋಗುತ್ತದೆ. ಮತ್ತೆ ಶುರುವಾಗುವುದು ಬೆಳಗಿನ ಜಾವ ಐದರ ಹೊತ್ತಿಗೆ. ನಡುವೆ ಉಳಿದರೆ ಟ್ಯಾಕ್ಸಿ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಅದರ ಬಾಡಿಗೆ ನೂರಕ್ಕೆ ಇಪ್ಪತ್ತರಷ್ಟು ಜಾಸ್ತಿ. ಶಿಬುಯಾದಿಂದ ಉಯೆನೊಗೆ ಟ್ಯಾಕ್ಸಿ ಹಿಡಿದರೆ ಒಬ್ಬರ ಸಂಜೆಯ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗಬಹುದು. ಹಾಗಾಗಿ ಬಾರ್ ಆರಿಸುವ ಮೊದಲು ರೈಲು ಆರಿಸಿ. ಹೋಟೆಲ್ ಉಯೆನೊದಲ್ಲಿ ಇರುವುದರಿಂದ ನಿಮಗೆ ಅದೃಷ್ಟವಿದೆ: ಗಿಂಜಾ ಲೈನ್. 1927ರ ಡಿಸೆಂಬರ್‌ನಲ್ಲಿ ಅಸಾಕುಸಾದಿಂದ ಉಯೆನೊವರೆಗೆ ಶುರುವಾದದ್ದು ಇದು, ಜಪಾನಿನ ಮೊದಲ ಸುರಂಗ ರೈಲು. ಈಗ ಅಸಾಕುಸಾದಿಂದ ಉಯೆನೊ, ಗಿಂಜಾ ಹಾದು ಶಿಬುಯಾವರೆಗೆ ಹೋಗುತ್ತದೆ. ಕುಡಿಯಲು ಕೂರಬಹುದಾದ ಮೂರು ಬೇರೆ ಬೇರೆ ಕಾಲದ ಜಾಗಗಳು ಇದೇ ದಾರಿಯಲ್ಲಿವೆ, ಎಲ್ಲೂ ರೈಲು ಬದಲಿಸಬೇಕಿಲ್ಲ.

ಸಂಜೆ ಐದಕ್ಕೆ ಅಸಾಕುಸಾದಲ್ಲಿ ಇಳಿಯಿರಿ. ಐದಾ ಅಂತ ಮುಖ ಸಿಂಡರಿಸಬೇಡಿ. ಹಳೆಯ ಜಾಗಗಳು ಬೇಗ ತೆರೆದು ಬೇಗ ಮುಚ್ಚುತ್ತವೆ. ಸ್ಟೇಷನ್ನಿನ ಪಕ್ಕದಲ್ಲೇ ಕಾಮಿಯಾ ಬಾರ್ ಇದೆ. 1880ರಲ್ಲಿ ಶುರುವಾದ ಅಂಗಡಿ ಅದು, ಈಗಿನ ಕಟ್ಟಡ 1921ರದು. ನಿಮ್ಮ ಪಟ್ಟಿಯಲ್ಲಿ ಇದು ಇಲ್ಲದ್ದು ನೋಡಿ ನನಗೆ ಆಶ್ಚರ್ಯವಾಯಿತು. ಇಲ್ಲಿ ಕುಡಿಯಬೇಕಾದದ್ದು ಡೆಂಕಿ ಬ್ರಾನ್, ಅಂದರೆ ‘ಕರೆಂಟ್ ಬ್ರಾಂದಿ’. ಊರಿಗೆ ವಿದ್ಯುತ್ ಹೊಸದಾಗಿದ್ದ ಕಾಲದಲ್ಲಿ ಇಟ್ಟ ಹೆಸರು. ಬ್ರಾಂದಿಗೆ ಜಿನ್, ವೈನ್, ಒಂದಿಷ್ಟು ಗಿಡಮೂಲಿಕೆ ಸೇರಿಸಿದ ಕಂದು ಬಣ್ಣದ ಪಾನೀಯ. ಚಿಕ್ಕ ಗ್ಲಾಸಿನಲ್ಲಿ ತುಂಬಿ ಕೊಡುತ್ತಾರೆ. ಎರಡು ಬಗೆ ಇದೆ, ಒಂದರಲ್ಲಿ ಆಲ್ಕೋಹಾಲ್ ನೂರಕ್ಕೆ 30, ಇನ್ನೊಂದರಲ್ಲಿ 40. ಪಕ್ಕದ ಮೇಜಿನ ಹಿರಿಯರನ್ನು ಗಮನಿಸಿ: ಇದನ್ನು ಒಂದು ಗುಟುಕು, ಆಮೇಲೆ ಬಿಯರ್ ಒಂದು ಗುಟುಕು. ಗಂಟಲಿನ ಬಿಸಿ ಆರಿಸೋಕೆ ನೀರಿನ ಬದಲು ಬಿಯರ್! ನೀವು ಹಾಗೆ ಮಾಡಬೇಕಿಲ್ಲ, ಒಂದೇ ಗ್ಲಾಸ್ ಸಾಕು. ಕೆಳಗಿನ ಹಾಲ್‌ನಲ್ಲಿ ಮೊದಲು ಕೌಂಟರ್‌ನಲ್ಲಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳುವ ಪದ್ಧತಿ. ಬಿಲ್ಲಿನ ಗೊಂದಲವಿಲ್ಲ, ಗೊತ್ತಿಲ್ಲದವರ ಜೊತೆ ಮೇಜು ಹಂಚಿಕೊಂಡು ಕೂರಬಹುದು. ಮೊದಲ ಬಾರ್ ಅಂದರೆ ಹೀಗಿರಬೇಕು.

ಅಲ್ಲಿಂದ ಕೆಲವೇ ನಿಮಿಷ ನಡೆದರೆ, ಸೆನ್ಸೋಜಿ ದೇವಸ್ಥಾನದ ಪಶ್ಚಿಮಕ್ಕೆ ಹಾಪ್ಪಿ ಬೀದಿ. ರಸ್ತೆಗೇ ಚಾಚಿಕೊಂಡ ಮೇಜುಗಳು, ಪುಟ್ಟ ಸ್ಟೂಲುಗಳು. ಹಾಪ್ಪಿ ಅನ್ನುವುದು ಬಿಯರ್ ರುಚಿಯ ಪಾನೀಯ, ಅದರಲ್ಲಿ ಆಲ್ಕೋಹಾಲ್ ನೂರಕ್ಕೆ 0.8 ಮಾತ್ರ. ಯುದ್ಧ ಮುಗಿದ ಮೇಲೆ ಬಿಯರ್ ಸಾಮಾನ್ಯ ಜನರ ಕೈಗೆ ಎಟುಕದೆ ಇದ್ದಾಗ, 1948ರಲ್ಲಿ, ಮಾರಾಟಕ್ಕೆ ಬಂತು. ನಿಮ್ಮ ಮುಂದೆ ಇಡುವುದು ಎರಡು ವಸ್ತು: ಒಂದು ಹಾಪ್ಪಿ ಬಾಟಲಿ, ಐಸ್ ಮತ್ತು ಶೋಚು (ಜಪಾನಿನ ಭಟ್ಟಿ ಇಳಿಸಿದ ಮದ್ಯ) ಹಾಕಿದ ಒಂದು ಮಗ್. ಬಾಟಲಿಯದು ‘ಸೋತೊ’, ಮಗ್ಗಿನದು ‘ನಾಕಾ’, ಅಂದರೆ ಹೊರಗಿನದು, ಒಳಗಿನದು. ಸುರಿದುಕೊಂಡು ಕುಡಿಯುತ್ತೀರಿ. ಮಗ್ ಖಾಲಿ, ಬಾಟಲಿಯಲ್ಲಿ ಇನ್ನೂ ಅರ್ಧ ಇದೆ. ಆಗ ‘ನಾಕಾ’ ಅಂದರೆ ಸಾಕು, ಬರೀ ಶೋಚು ಬರುತ್ತದೆ. ಮೋಸ ಇರುವುದೇ ಇಲ್ಲಿ. ಕಣ್ಣಿಗೆ ಕಾಣುವುದು ಒಂದೇ ಬಾಟಲಿ. ಹೊಟ್ಟೆಗೆ ಹೋಗಿರುವುದು ಮೂರು ಶೋಚು. ಬಾಟಲಿ ಎಣಿಸಬೇಡಿ, ನಾಕಾ ಎಣಿಸಿ. ಕಾಮಿಯಾದಲ್ಲೇ ಹೊತ್ತಾಗಿದ್ದರೆ ಈ ಬೀದಿಯನ್ನು ಸುಮ್ನೆ ನೋಡಿಕೊಂಡು ಮುಂದೆ ಹೋದರೂ ನಷ್ಟವಿಲ್ಲ.

ಏಳೂವರೆ ಹೊತ್ತಿಗೆ ಅದೇ ರೈಲು ಹಿಡಿದು ಗಿಂಜಾಕ್ಕೆ. ನಿಮ್ಮ ಪಟ್ಟಿಯಲ್ಲಿ ಗಿಂಜಾದ ಮೂರು ಕಾಕ್‌ಟೇಲ್ ಬಾರ್‌ಗಳಿವೆ. ಒಂದು ಮಾತ್ರ ಉಳಿಸಿಕೊಳ್ಳಿ, ಅದೂ ಕೊನೆಗೆ. ಮೊದಲು ಊಟ ಆಗಬೇಕು. ಅದಕ್ಕೆ ಗಿಂಜಾ 7-ಚೋಮೆಯಲ್ಲಿರುವ ಲಯನ್ ಬಿಯರ್ ಹಾಲ್. 1934ರಲ್ಲಿ ತೆರೆದದ್ದು, ಈಗಲೂ ನಡೆಯುತ್ತಿರುವ ಬಿಯರ್ ಹಾಲ್‌ಗಳಲ್ಲಿ ಜಪಾನಿನಲ್ಲೇ ಅತಿ ಹಳೆಯದು. ಎತ್ತರದ ಛಾವಣಿ, ದಪ್ಪ ಕಂಬಗಳು. ಎದುರು ಗೋಡೆಯ ತುಂಬ ಗಾಜಿನ ಚೂರುಗಳಲ್ಲಿ ಮಾಡಿದ ಚಿತ್ರ, ಬಾರ್ಲಿ ಕೊಯ್ಯುತ್ತಿರುವ ಹೆಂಗಸರದು. ಪ್ರವಾಸಿಗಳ ಜಾಗ ಅಂತ ಕೆಲವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ನಾಲ್ಕು ಜನಕ್ಕೆ ಒಂದು ಮೇಜು, ಗಟ್ಟಿಯಾಗಿ ನಕ್ಕರೂ ಯಾರೂ ತಿರುಗಿ ನೋಡುವುದಿಲ್ಲ. 19ರ ಹುಡುಗನಿಗೂ ಒಳಗೆ ಜಾಗವಿದೆ, ಸಸ್ಯಾಹಾರಿಗೆ ಕನಿಷ್ಠ ಆಲೂಗಡ್ಡೆ, ಸಲಾಡ್ ಸಿಗುತ್ತದೆ. ಇಷ್ಟೆಲ್ಲ ಕೊಡುವ ಬಾರ್ ನಿಮ್ಮ ಹನ್ನೊಂದರಲ್ಲಿ ಒಂದೂ ಇಲ್ಲ.

ತಮ್ಮನ ವಿಷಯ ಬಂತಲ್ಲ, ಅದನ್ನು ಹೇಳಿಬಿಡುತ್ತೇನೆ. ಜಪಾನಿನಲ್ಲಿ 2022ರ ಏಪ್ರಿಲ್‌ನಿಂದ 18ಕ್ಕೇ ವಯಸ್ಕರು. ಆದರೆ ಕುಡಿಯುವ ವಯಸ್ಸು 20 ಇದ್ದದ್ದು ಹಾಗೇ ಇದೆ. ಊಟ ಇರುವ ಜಾಗಗಳಲ್ಲಿ ಅವನು ಜ್ಯೂಸ್ ಕುಡಿಯುತ್ತಾ ಕೂರಬಹುದು. ಬರೀ ಬಾರ್‌ಗಳಲ್ಲಿ ಒಳಗೆ ಬಿಡುವುದು ಬಿಡದಿರುವುದು ಅವರಿಗೆ ಬಿಟ್ಟದ್ದು. 2020ರ ಏಪ್ರಿಲ್‌ನಿಂದ ಒಳಾಂಗಣ ಧೂಮಪಾನಕ್ಕೆ ಕಾನೂನು ಬಿಗಿಯಾಗಿದೆ, ಆದರೂ ಕೆಲವು ಹಳೆಯ ಚಿಕ್ಕ ಬಾರ್‌ಗಳಲ್ಲಿ ಸಿಗರೇಟ್‌ಗೆ ಅವಕಾಶವಿದೆ. ಅಂಥ ಕಡೆ 20 ತುಂಬದವರಿಗೆ ಪ್ರವೇಶವೇ ಇಲ್ಲ. ಬಾಗಿಲ ಮೇಲೆ ಚೀಟಿ ಅಂಟಿಸಿರುತ್ತಾರೆ. ಪಾಸ್‌ಪೋರ್ಟ್ ಎಲ್ಲರ ಹತ್ತಿರವೂ ಇರಲಿ. ಪ್ರವಾಸಿಗಳು ಅದನ್ನು ಜೊತೆಗೆ ಇಟ್ಟುಕೊಳ್ಳುವುದು ಅಲ್ಲಿ ಕಡ್ಡಾಯ.

ಕುಡಿಯದವನು ಜೊತೆಗಿದ್ದಾನೆ ಅನ್ನುವುದರಿಂದ ಇನ್ನೊಂದು ಲೆಕ್ಕ. ಇಜಕಾಯಾಗಳ, ಅಂದರೆ ಕುಡಿತದ ಜೊತೆ ತಿನ್ನಲೂ ಸಿಗುವ ಅಂಗಡಿಗಳ ಮುಂದೆ ‘ನೋಮಿಹೋದೈ’ ಅಂತ ಬೋರ್ಡು ಕಾಣುತ್ತದೆ. ಒಂದೂವರೆಯೋ ಎರಡೋ ಗಂಟೆ ಎಷ್ಟು ಬೇಕಾದರೂ ಕುಡಿಯಿರಿ, ಒಂದೇ ದರ. ಅಗ್ಗ ಅನ್ನಿಸುತ್ತದೆ. ಆದರೆ ಸಾಮಾನ್ಯವಾಗಿ ಮೇಜಿನಲ್ಲಿರುವ ಎಲ್ಲರೂ ತಗೋಬೇಕು, ಕಾಲು ಭಾಗ ಸಮಯ ಬಾಕಿ ಇರುವಾಗಲೇ ಕೊನೆಯ ಆರ್ಡರ್ ಕೇಳಿಬಿಡುತ್ತಾರೆ. ನಿಮ್ಮ ಗುಂಪಿಗೆ ಅದು ಬೇಡ. ಸಾಮಾನ್ಯ ಇಜಕಾಯಾದಲ್ಲೂ ತಲೆಗೊಂದು ಪಾನೀಯ ಹೇಳುವುದು ರೂಢಿ. ಊಲಾಂಗ್ ಚಹಾ, ಜಿಂಜರ್ ಏಲ್ ಕೂಡ ಲೆಕ್ಕಕ್ಕೆ ಬರುತ್ತದೆ. ನೀವು ಕೇಳದೇ ಒಂದು ಪುಟ್ಟ ಬಟ್ಟಲು ತಿಂಡಿ ಬಂದು ಕೂರುತ್ತದೆ, ಅದು ಓತೋಶಿ. ಬಿಟ್ಟಿ ಅಲ್ಲ. ತಲೆಗೆ ಮುನ್ನೂರು, ಐನೂರು ಯೆನ್ ಬಿಲ್ಲಿಗೆ ಸೇರುತ್ತದೆ. ಅದನ್ನು ಕುಳಿತ ಜಾಗದ ಬಾಡಿಗೆ ಅಂದುಕೊಳ್ಳಿ. ಜಗಳ ಮಾಡಬೇಡಿ.

ಸಸ್ಯಾಹಾರಿ ಸ್ನೇಹಿತ ಆ ಬಟ್ಟಲನ್ನು ಮುಟ್ಟುವ ಮುಂಚೆ ಕೇಳಲಿ. ಮೀನು ಕಣ್ಣಿಗೆ ಕಾಣದಿದ್ದರೂ ಒಣಮೀನಿನ ಸಾರು ಅದರಲ್ಲಿ ಇರಬಹುದು. ತಣ್ಣನೆಯ ತೋಫು ಮೇಲೆ ಉದುರಿಸುವ ತೆಳು ಪದರಗಳು ಕೂಡ ಮೀನಿನದೇ, ಬಿಸಿಯದರ ಮೇಲೆ ಹಾಕಿದರೆ ಅಲುಗಾಡುತ್ತವೆ. ಧೈರ್ಯವಾಗಿ ತಿನ್ನಬಹುದಾದದ್ದು ಎದಮಾಮೆ: ಉಪ್ಪು ಹಾಕಿ ಬೇಯಿಸಿದ ಎಳೆ ಸೋಯಾ ಕಾಯಿ. ನಮ್ಮ ಅವರೆಕಾಯಿ ತಿಂದವರಿಗೆ ಪಾಠ ಬೇಕಿಲ್ಲ. ಕೋಲಿಗೆ ಚುಚ್ಚಿ ಸುಡುವ ಅಂಗಡಿಯಲ್ಲಿ ಹಸಿಮೆಣಸು, ಅಣಬೆಯನ್ನು ‘ಬರೀ ಉಪ್ಪು’ ಅಂತ ಹೇಳಿ ಸುಡಿಸಿಕೊಳ್ಳಬಹುದು. ಅದೇ ಕೆಂಡದ ಮೇಲೆ ಕೋಳಿಯೂ ಇರುತ್ತದೆ, ಅದು ಆಗದವರು ಹೋಟೆಲಿನಿಂದಲೇ ಹೊಟ್ಟೆ ತುಂಬಿಸಿಕೊಂಡು ಹೊರಡುವುದು ವಾಸಿ.

ಒಂಬತ್ತೂವರೆಗೆ ಕಾಕ್‌ಟೇಲ್ ಬಾರ್. ಇಲ್ಲಿ ನಾಲ್ಕು ಜನ ಒಟ್ಟಿಗೆ ಹೋಗಬೇಡಿ. ಗಿಂಜಾದ ಒಳ್ಳೆಯ ಬಾರ್‌ಗಳಲ್ಲಿ ಕೌಂಟರೇ ಎಲ್ಲ. ಎಂಟು ಹತ್ತು ಕುರ್ಚಿ, ಅದರ ಹಿಂದೆ ಬಿಳಿ ಕೋಟು ಹಾಕಿದ ಬಾರ್‌ಟೆಂಡರ್. ಗಾಜಿನಷ್ಟು ತಿಳಿಯಾದ ಐಸ್ ಗಡ್ಡೆಯನ್ನು ಚಾಕುವಿನಿಂದ ಕೆತ್ತಿ ಗ್ಲಾಸಿನ ಅಳತೆಗೆ ತರುತ್ತಾರೆ. ಅದನ್ನು ನೋಡುವುದಕ್ಕೇ ದುಡ್ಡು ಕೊಡಬಹುದು, ಕೊಡುತ್ತೀರಿ ಕೂಡ. ಮೆನು ಇಲ್ಲದ ಕಡೆ ಹಣ್ಣಿನ ಹೆಸರು ಹೇಳಿ, ಹುಳಿ ಬೇಕೋ ಸಿಹಿಯೋ ಹೇಳಿ, ಉಳಿದದ್ದು ಅವರಿಗೆ ಬಿಡಿ. ಇಬ್ಬರು ಹೋಗಿ ಮೆಲ್ಲಗೆ ಮಾತಾಡುತ್ತಾ ಒಂದೊಂದು ಕುಡಿದು ಎದ್ದು ಬನ್ನಿ. ಉಳಿದ ಇಬ್ಬರು, ಅಂದರೆ ತಮ್ಮ ಮತ್ತು ಯಾರಿಗೆ ಐಸ್ ಕೆತ್ತುವುದು ಬೇಜಾರೋ ಅವರು, ಗಿಂಜಾದ ದೀಪ ನೋಡಿಕೊಂಡು ತಿರುಗಾಡಲಿ. ಹನ್ನೊಂದರ ಹೊತ್ತಿಗೆ ಸ್ಟೇಷನ್‌ನಲ್ಲಿ ಸೇರಿ ಉಯೆನೊಗೆ ವಾಪಸ್. ಇನ್ನೂ ಆಸೆ ಉಳಿದಿದ್ದರೆ ಉಯೆನೊದಲ್ಲಿ ರೈಲ್ವೆ ಹಳಿಯ ಕೆಳಗಡೆ, ಅಮೆಯೊಕೊ ಬಜಾರಿನ ಸುತ್ತ, ಇಜಕಾಯಾಗಳಿವೆ. ಅಲ್ಲಿಂದ ಹೋಟೆಲ್‌ಗೆ ನಡೆದೇ ಹೋಗಬಹುದು, ರೈಲಿನ ಚಿಂತೆ ಮುಗಿಯಿತು.

ಇನ್ನು ಬಿಟ್ಟದ್ದರ ಬಗ್ಗೆ. ಗೋಲ್ಡನ್ ಗಾಯ್ ಬಿಟ್ಟದ್ದಕ್ಕೆ ನಿಮಗೆ ಸಿಟ್ಟು ಬರಬಹುದು. ಶಿಂಜುಕುವಿನ ಆರು ಇಕ್ಕಟ್ಟಾದ ಓಣಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಬಾರ್‌ಗಳು, ಒಂದೊಂದರಲ್ಲಿ ಐದಾರು ಜನ ಕೂತರೆ ಭರ್ತಿ. ಚೆನ್ನಾಗಿದೆ, ನಿಜ. ಆದರೆ ಶುಕ್ರವಾರ ರಾತ್ರಿ ನಾಲ್ಕು ಜನ ಒಟ್ಟಿಗೆ ಬಾಗಿಲು ತೆರೆದರೆ ಒಳಗಿನವರು ಕೈಯಾಡಿಸಿ ಇಲ್ಲ ಅನ್ನುತ್ತಾರೆ. ವಾರದ ನಡುವೆ ಒಂದು ರಾತ್ರಿ, ಇಬ್ಬರೇ ಹೋಗಿ. ಕೂರುವುದಕ್ಕೆ ಎಷ್ಟು ಅಂತ ಹೊರಗೆ ಬರೆದಿರುವ ಬಾರ್‌ಗೇ ಹೋಗಿ, ಬರೀ ನಗದು ತಗೊಳ್ಳುವವರೂ ಇದ್ದಾರೆ.

ಗೋಲ್ಡನ್ ಗಾಯ್ ಇರುವ ಕಬುಕಿಚೋದಲ್ಲಿ, ಹಾಗೆಯೇ ರೊಪ್ಪೊಂಗಿಯಲ್ಲಿ, ದಾರಿಯಲ್ಲಿ ಅಡ್ಡ ನಿಂತು ಕರೆಯುವವರು ಸಿಗುತ್ತಾರೆ. ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೆ, ಒಂದು ಗಂಟೆಗೆ ಇಷ್ಟೇ ಅನ್ನುತ್ತಾರೆ. ಅವರ ಹಿಂದೆ ಹೋದವರಿಗೆ ಬರುವ ಬಿಲ್ಲೇ ಬೇರೆ. ಇಂಥ ಸುಲಿಗೆ ಬಾರ್‌ಗಳ ವಿರುದ್ಧ ಟೋಕಿಯೋ ಆಡಳಿತ 2000ದಲ್ಲೇ ಕಟ್ಟಳೆ ತಂದಿತು. ದಾರಿಯಲ್ಲಿ ಗಿರಾಕಿ ಹಿಡಿಯುವುದೂ ಕಾನೂನಿಗೆ ವಿರುದ್ಧ, ಕಬುಕಿಚೋದಲ್ಲಿ ಧ್ವನಿವರ್ಧಕದಲ್ಲೇ ಎಚ್ಚರಿಸುತ್ತಾರೆ. ಆದರೂ ದಂಧೆ ನಿಂತಿಲ್ಲ. ಪಾನೀಯದಲ್ಲಿ ಮತ್ತಿನ ಮದ್ದು ಬೆರೆಸಿ ಕಾರ್ಡ್ ಉಜ್ಜಿದ ಪ್ರಕರಣಗಳ ಬಗ್ಗೆ ಅಮೆರಿಕದ ರಾಯಭಾರ ಕಚೇರಿ ತನ್ನ ಜನರನ್ನು ಎಚ್ಚರಿಸಿದೆ. ಒಳ್ಳೆಯ ಬಾರಿನವರಿಗೆ ಬೀದಿಯಲ್ಲಿ ನಿಂತು ಕೈ ಹಿಡಿದೆಳೆಯುವ ಗರಜು ಇಲ್ಲ, ಅಲ್ವಾ? ಏನಾದರೂ ಎಡವಟ್ಟಾದರೆ ಪೊಲೀಸ್ ನಂಬರ್ 110.

ಶಿಬುಯಾದಲ್ಲಿ ಅಂಗಡಿಯಿಂದ ಕ್ಯಾನ್ ತಂದು ರಸ್ತೆಯಲ್ಲಿ ಕುಡಿಯುವ ಯೋಚನೆ ಇದ್ದರೆ ಅದನ್ನೂ ಬಿಡಿ. 2024ರ ಅಕ್ಟೋಬರ್‌ನಿಂದ ಸ್ಟೇಷನ್ ಸುತ್ತಮುತ್ತ ಸಂಜೆ 6ರಿಂದ ಬೆಳಗ್ಗೆ 5ರವರೆಗೆ ವರ್ಷವಿಡೀ ನಿಷೇಧ. ಕುಡಿದು ಬಾಡಿಗೆ ಸೈಕಲ್ ಹತ್ತುವುದೂ ಅಪರಾಧ, 2024ರ ನವೆಂಬರ್‌ನಿಂದ ಅದರ ಶಿಕ್ಷೆ ಇನ್ನೂ ಬಿಗಿಯಾಗಿದೆ.

ದುಡ್ಡು: ಹತ್ತು ಸಾವಿರ ಸಾಕು. ಕಾಮಿಯಾದಲ್ಲಿ ಎರಡು ಸಾವಿರದೊಳಗೆ ಮುಗಿಸಿ, ಲಯನ್‌ನಲ್ಲಿ ನಾಲ್ಕು ಸಾವಿರ, ಕಾಕ್‌ಟೇಲ್ ಬಾರಿನಲ್ಲಿ ಕೂರುವ ಶುಲ್ಕ ಸೇರಿ ಒಂದು ಗ್ಲಾಸಿಗೆ ಮೂರು ಸಾವಿರದ ಆಸುಪಾಸು ಇಟ್ಟುಕೊಳ್ಳಿ. ರೈಲಿಗೆ ಒಂದು ಸಲಕ್ಕೆ ಇನ್ನೂರರ ಹತ್ತಿರ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಉಳಿದ ಚಿಲ್ಲರೆಯಲ್ಲಿ ಯಾವುದಾದರೂ ಕನ್ವೀನಿಯನ್ಸ್ ಸ್ಟೋರ್‌ಗೆ ಹೋಗಿ ಅರಿಶಿನದ ಪಾನೀಯದ ಪುಟ್ಟ ಡಬ್ಬಿ ಕೊಳ್ಳಿ. ಮಾರನೇ ದಿನ ತಲೆಭಾರ ಆಗದಿರಲಿ ಅಂತ ಅಲ್ಲಿನವರು ಕುಡಿಯುವ ಮೊದಲೇ ಅದನ್ನು ಗಟಗಟ ಇಳಿಸುತ್ತಾರೆ. ಕೆಲಸ ಮಾಡುತ್ತದೆ ಅಂತ ನಾನಂತೂ ಬರೆದುಕೊಡುವುದಿಲ್ಲ.

ಬುಕಿಂಗ್ ಬಗ್ಗೆ ಕೇಳಿದ್ದಿರಿ. ಕಾಮಿಯಾದ ಕೆಳಗಿನ ಹಾಲ್‌ಗೆ ಸುಮ್ನೆ ಹೋಗಿ ಕೂರಬಹುದು. ಲಯನ್‌ಗೆ ಶುಕ್ರವಾರ ಆಫೀಸ್ ಬಿಟ್ಟ ಗುಂಪುಗಳು ನುಗ್ಗುತ್ತವೆ, ಹಾಗಾಗಿ ಮೇಜು ಹೇಳಿಡುವುದು ಒಳ್ಳೆಯದು. ಕಾಕ್‌ಟೇಲ್ ಬಾರಿಗೆ ಹೋಟೆಲಿನ ಕೌಂಟರಿನವರಿಂದ ಜಪಾನೀ ಭಾಷೆಯಲ್ಲೇ ಫೋನ್ ಮಾಡಿಸಿ. ಹೋಗಲು ಆಗುವುದಿಲ್ಲ ಅಂತಾದರೆ ಅವರಿಂದಲೇ ಮತ್ತೆ ಮಾಡಿಸಿ ರದ್ದು ಹೇಳಿಸಿ. ಎಂಟು ಕುರ್ಚಿಯ ಬಾರಿನಲ್ಲಿ ಎರಡು ಕುರ್ಚಿ ನಿಮಗಾಗಿ ಕಾಯುತ್ತಾ ಖಾಲಿ ಬಿದ್ದಿದ್ದರೆ ಅವರ ಅವತ್ತಿನ ವ್ಯಾಪಾರದಲ್ಲಿ ಕಾಲು ಭಾಗ ಹೋದ ಹಾಗೆ.

— ಸಂ.