ಟೆಸ್ಟ್ ನೆಗೆಟಿವ್ ಬಂದಮೇಲೂ ಮಲೇರಿಯಾ ಮಾತ್ರೆ ಕೊಡಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾವು ಮಂಗಳೂರಿನವರು. ಮನೆಯವರ ಕೆಲಸದ ಮೇಲೆ ಒಂದು ವರ್ಷದಿಂದ ತಾಂಜಾನಿಯಾದ ಮ್ವಾಂಜಾದಲ್ಲಿದ್ದೇವೆ. ಹೋದ ತಿಂಗಳು ನಾಲ್ಕು ವರ್ಷದ ಮಗನಿಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿ ಮಲೇರಿಯಾ ಇಲ್ಲ ಅಂದರು, ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು. ನನಗೆ ಸಮಾಧಾನ ಆಗಲಿಲ್ಲ. ಮನೆ ಹತ್ತಿರದ ಕ್ಲಿನಿಕ್‌ಗೆ ಹೋದರೆ ‘ಮಲೇರಿಯಾನೂ ಇದೆ, ಟೈಫಾಯ್ಡೂ ಇದೆ’ ಅಂದರು. ಯಾರನ್ನು ನಂಬೋದು? ಮಗ ಈಗ ಹುಷಾರಾಗಿದ್ದಾನೆ, ನನ್ನ ಭಯ ಮಾತ್ರ ಹೋಗಿಲ್ಲ. ಇನ್ನೊಂದು ವಿಷಯ. ನಮ್ಮ ಮನೆಕೆಲಸಕ್ಕೆ ಬರುವವರ ಎರಡೂವರೆ ವರ್ಷದ ಮಗಳಿಗೆ ಹತ್ತು ದಿನದ ಹಿಂದೆ ಜ್ವರ ಏರಿ ಫಿಟ್ಸ್ ಬಂತು, ಆಸ್ಪತ್ರೆಗೆ ಸೇರಿಸಿದರು. ಮಲೇರಿಯಾ ಅಂತ ಇಂಜೆಕ್ಷನ್ ಕೊಟ್ಟರು. ಮಗು ಅಷ್ಟು ಸುಸ್ತಾಗಿದ್ದರೂ ಡ್ರಿಪ್ ಜೋರಾಗಿ ಓಡಿಸಲೇ ಇಲ್ಲ. ಇದು ನಿರ್ಲಕ್ಷ್ಯ ಅಲ್ವಾ?

ಉತ್ತರ: ಮೊದಲ ಆಸ್ಪತ್ರೆಯವರು ಮಾಡಿದ್ದೇ ಸರಿ. ಬರಿಗೈಯಲ್ಲಿ ಕಳಿಸಿದರು ಅಂತ ನಿಮಗೆ ಅನ್ನಿಸಿರಬಹುದು, ಆದರೆ ಅಲ್ಲಿ ಹಾಗೆ ಕಳಿಸೋದಕ್ಕೆ ಡಾಕ್ಟರಿಗೆ ಧೈರ್ಯ ಬೇಕು. ನಾನು ಆ ಕಡೆಯ ಮಕ್ಕಳ ವಾರ್ಡಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಆಗ ಜ್ವರ ಅಂದರೆ ಮಲೇರಿಯಾ, ಅಷ್ಟೇ. ಟೆಸ್ಟ್ ಏನೇ ಹೇಳಲಿ, ಚೀಟಿಯಲ್ಲಿ ಬರೆಯೋದು ಮಲೇರಿಯಾ ಔಷಧಿನೇ.

ಅದರ ಬೆಲೆ ಎಷ್ಟು ಅಂತ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ತಾಂಜಾನಿಯಾದ ಈಶಾನ್ಯ ಭಾಗದ ಆಸ್ಪತ್ರೆಗಳಲ್ಲಿ ತೀವ್ರ ಮಲೇರಿಯಾ ಅಂತ ಸೇರಿಸಿ ಚಿಕಿತ್ಸೆ ಕೊಟ್ಟ ಸುಮಾರು 4,500 ಜನರ ರಕ್ತವನ್ನು ಸರಿಯಾಗಿ ಪರೀಕ್ಷೆ ಮಾಡಿದರು. ಮಲೇರಿಯಾ ತರುವ ಸೂಕ್ಷ್ಮ ಜೀವಿ, ಅಂದರೆ ಪರಾವಲಂಬಿ, ಸಿಕ್ಕಿದ್ದು 46% ಜನರಲ್ಲಿ ಮಾತ್ರ. ನನಗೆ ನಿದ್ದೆ ಕೆಡಿಸಿದ್ದು ಇನ್ನೊಂದು ಅಂಕಿ: ಮಲೇರಿಯಾ ಇದ್ದವರಲ್ಲಿ ಸತ್ತವರು ಸುಮಾರು 7%, ಇಲ್ಲದವರಲ್ಲಿ 12%. ಅಂದರೆ ಮಲೇರಿಯಾ ಅಲ್ಲದ ಕಾಯಿಲೆಯೇ ಹೆಚ್ಚು ಜನರನ್ನು ಕೊಲ್ಲುತ್ತಿತ್ತು, ಮಲೇರಿಯಾ ಅನ್ನೋ ಹಣೆಪಟ್ಟಿಯ ಹಿಂದೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ಔಷಧಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಎಲ್ಲ ವಯಸ್ಸಿನವರಿಗೂ ಹೇಳಿತು.

ಹಾಗಾದರೆ ಮಲೇರಿಯಾ ಅಲ್ಲದ ಜ್ವರ ಏನು? ತಾಂಜಾನಿಯಾದ ದಾರ್ ಎಸ್ ಸಲಾಮ್ ಮತ್ತು ಇಫಕಾರಾ ಊರುಗಳಲ್ಲಿ ಜ್ವರ ಅಂತ ಬಂದ 1,005 ಮಕ್ಕಳನ್ನು ಕೂಲಂಕಷವಾಗಿ ಪರೀಕ್ಷಿಸಿದ ಅಧ್ಯಯನ 2014ರಲ್ಲಿ ಬಂತು. ಹತ್ತರಲ್ಲಿ ಏಳು ಮಕ್ಕಳಿಗೆ ಇದ್ದದ್ದು ವೈರಸ್. ಮಲೇರಿಯಾ ಹತ್ತರಲ್ಲಿ ಒಬ್ಬರಿಗೆ. ಶೀತ, ಕೆಮ್ಮು, ಗಂಟಲು ನೋವು, ನಮ್ಮೂರಿನ ಮಕ್ಕಳಿಗೆ ಬರುವಂಥದ್ದೇ. ನಿಮ್ಮ ಮಗನಿಗೂ ಬಹುಶಃ ಅದೇ ಇದ್ದಿರಬೇಕು.

ಆದರೆ ನೀವಿರೋದು ವಿಕ್ಟೋರಿಯಾ ಸರೋವರದ ದಂಡೆಯಲ್ಲಿ. ಅಲ್ಲಿ ಮಲೇರಿಯಾ ನಿಜಕ್ಕೂ ಜಾಸ್ತಿ. ಅದೂ ಮಂಗಳೂರಿನಲ್ಲಿ ನೀವು ನೋಡಿದ ಮಲೇರಿಯಾ ಅಲ್ಲ. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣೋದು ವೈವ್ಯಾಕ್ಸ್ ಅನ್ನೋ ಬಗೆ. ಚಳಿ ಬಂದು ನಡುಗಿಸುತ್ತೆ, ಮಾತ್ರೆ ನುಂಗಿದರೆ ಹೆಚ್ಚಿನವರು ಎದ್ದು ಓಡಾಡುತ್ತಾರೆ. ಅಲ್ಲಿರೋದು ಬಹುತೇಕ ಫಾಲ್ಸಿಪಾರಂ ಅನ್ನೋ ಅಪಾಯದ ಬಗೆ, ಒಂದೆರಡು ದಿನದಲ್ಲಿ ಮೆದುಳಿಗೆ ಏರಬಹುದು. ಅಲ್ಲೇ ಹುಟ್ಟಿ ಬೆಳೆದು ಸೊಳ್ಳೆ ಕಚ್ಚಿಸಿಕೊಂಡ ಮಕ್ಕಳಿಗೆ ವರ್ಷ ಕಳೆದಂತೆ ಸ್ವಲ್ಪ ತಡೆಯುವ ಶಕ್ತಿ ಬರುತ್ತೆ. ನಿಮ್ಮ ಮಗನಿಗೆ ಅದಿಲ್ಲ. ಹಾಗಾಗಿ ಜ್ವರ ಬಂದ ದಿನವೇ ಟೆಸ್ಟ್ ಮಾಡಿಸಿ. ನೆಗೆಟಿವ್ ಬಂದೂ ಜ್ವರ ಬಿಡದಿದ್ದರೆ ಮರುದಿನ ಇನ್ನೊಮ್ಮೆ ಮಾಡಿಸಿ. ಮಗು ಕುಡಿಯೋದು ಬಿಟ್ಟರೆ, ಎಲ್ಲ ವಾಂತಿ ಮಾಡಿದರೆ, ಉಸಿರಾಟ ಜೋರಾದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಫಿಟ್ಸ್ ಬಂದರೆ, ಮರುದಿನದವರೆಗೆ ಕಾಯಬೇಡಿ. ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೇ ಹೋಗಿ.

ಎರಡನೇ ಕ್ಲಿನಿಕ್‌ನವರು ಹೇಳಿದ ‘ಟೈಫಾಯ್ಡ್’ ವಿಡಾಲ್ ಅನ್ನೋ ರಕ್ತದ ಟೆಸ್ಟಿನದು ಇರಬೇಕು. ನಮ್ಮೂರಲ್ಲೂ ಇದೇ ಕಥೆ. ಹಿಂದೆ ಯಾವಾಗಲೋ ಸೋಂಕು ತಗುಲಿದ್ದರೂ, ಲಸಿಕೆ ಹಾಕಿಸಿದ್ದರೂ ವಿಡಾಲ್ ಪಾಸಿಟಿವ್ ಬರಬಹುದು. ಒಂದೇ ಒಂದು ವಿಡಾಲ್ ನೋಡಿ ಮಗುವಿಗೆ ಆಂಟಿಬಯಾಟಿಕ್ ಶುರು ಮಾಡಬಾರದು. ಟೈಫಾಯ್ಡ್ ಅನುಮಾನ ಇದ್ದರೆ ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ, ಮಾಡಿಸಬೇಕು.

ಪಾಸಿಟಿವ್ ಬಂದಾಗಲೂ ಅಲ್ಲಿಗೇ ನಿಲ್ಲಬಾರದು, ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಂದು ಸಂಜೆ ಮೂರು ವರ್ಷದ ಹುಡುಗನನ್ನು ಅಮ್ಮ ಖಾಂಗಾದಲ್ಲಿ (ಅಲ್ಲಿನ ಹೆಂಗಸರು ಸುತ್ತಿಕೊಳ್ಳೋ ಬಟ್ಟೆ) ಸುತ್ತಿ ತಂದಳು. ಮಲೇರಿಯಾ ಟೆಸ್ಟಿನ ಪಟ್ಟಿಯಲ್ಲಿ ಎರಡು ಗೆರೆ ಮೂಡಿತು, ಅಂದರೆ ಪಾಸಿಟಿವ್. ಎಲ್ಲರೂ ಸಮಾಧಾನ ಆದೆವು, ಔಷಧಿ ಶುರುವಾಯಿತು. ಬೆಳಗ್ಗೆ ಅವನ ಕತ್ತು ಬಗ್ಗಿಸಲು ಹೋದರೆ ಬಗ್ಗಲಿಲ್ಲ. ಬೆನ್ನಿನ ನೀರು ತೆಗೆದರೆ ಮೋಡದ ಹಾಗೆ ಬಿಳಿಚಿಕೊಂಡಿತ್ತು. ಮೆದುಳು ಜ್ವರ, ಅಂದರೆ ಮೆದುಳಿನ ಪೊರೆಗೆ ಬ್ಯಾಕ್ಟೀರಿಯಾ ಸೋಂಕು. ಆಂಟಿಬಯಾಟಿಕ್ ಕೊಡೋದು ಒಂದು ರಾತ್ರಿ ತಡವಾಗಿತ್ತು. ಹುಡುಗ ಉಳಿದ, ಕಿವಿ ಉಳಿಯಲಿಲ್ಲ. ಆ ಪಟ್ಟಿ ಹಿಡಿಯೋದು ಪರಾವಲಂಬಿ ಬಿಡುವ ಒಂದು ಪ್ರೊಟೀನನ್ನು, ಕಾಯಿಲೆ ವಾಸಿಯಾಗಿ ವಾರಗಟ್ಟಲೆ ಆದರೂ ಅದು ರಕ್ತದಲ್ಲಿ ಇರುತ್ತೆ. ಜೊತೆಗೆ ಅಲ್ಲಿನ ಎಷ್ಟೋ ಮಕ್ಕಳು ಪರಾವಲಂಬಿಯನ್ನು ಹೊತ್ತುಕೊಂಡೇ ಆಟ ಆಡಿಕೊಂಡಿರುತ್ತಾರೆ. ಮಲೇರಿಯಾ ಇದೆ ಅನ್ನೋದು ಬೇರೆ, ಈ ಜ್ವರಕ್ಕೆ ಮಲೇರಿಯಾವೇ ಕಾರಣ ಅನ್ನೋದು ಬೇರೆ.

ಈಗ ಡ್ರಿಪ್ ವಿಷಯ. ‘ಒಂದು ಗ್ಲೂಕೋಸ್ ಹಾಕಿಬಿಡಿ ಡಾಕ್ಟ್ರೇ’ ಅಂತ ಕೇಳಿ ಬೆಳೆದವರು ನಾವು. ಆದರೆ ಕೀನ್ಯಾ, ಉಗಾಂಡಾ, ತಾಂಜಾನಿಯಾದ ಆರು ಆಸ್ಪತ್ರೆಗಳಲ್ಲಿ ಮಕ್ಕಳ ವೈದ್ಯೆ ಕ್ಯಾಥರಿನ್ ಮೇಟ್‌ಲ್ಯಾಂಡ್ ಅವರ ತಂಡ ಒಂದು ದೊಡ್ಡ ಪ್ರಯೋಗ ಮಾಡಿತು. ತೀವ್ರ ಜ್ವರದ ಜೊತೆ ರಕ್ತ ಸಂಚಾರ ಕುಗ್ಗಿದ್ದ 3,141 ಮಕ್ಕಳು, ಅರ್ಧಕ್ಕಿಂತ ಹೆಚ್ಚಿನವರಿಗೆ ಮಲೇರಿಯಾ. ಕೆಲವರಿಗೆ ಸಲೈನ್ ಅಥವಾ ಆಲ್ಬುಮಿನ್ (ರಕ್ತದ ಪ್ರೊಟೀನ್ ಇರೋ ದ್ರವ) ಬೇಗ ಬೇಗ ಓಡಿಸಿದರು, ಉಳಿದವರಿಗೆ ನಿಧಾನವಾದ ಡ್ರಿಪ್ ಮಾತ್ರ. ಜೋರಾಗಿ ಓಡಿಸಿದವರಲ್ಲಿ 48 ಗಂಟೆಯೊಳಗೆ ಸುಮಾರು 10.5% ಮಕ್ಕಳು ಸತ್ತರು, ಓಡಿಸದವರಲ್ಲಿ 7.3%. ಪ್ರಯೋಗವನ್ನು ಮುಗಿಯೋ ಮೊದಲೇ ನಿಲ್ಲಿಸಿದರು. 2011ರಲ್ಲಿ ಈ ಫಲಿತಾಂಶ ಬಂದಾಗ ನಾವು ಯಾರೂ ಮೊದಲು ನಂಬಲಿಲ್ಲ, ಯಾಕೆಂದರೆ ಜೋರಾಗಿ ಓಡಿಸಿದಾಗ ಮಗು ಮೊದಲ ಗಂಟೆಯಲ್ಲಿ ಚೇತರಿಸಿಕೊಂಡ ಹಾಗೆ ಕಾಣುತ್ತೆ. ವಾಂತಿ ಭೇದಿಯಿಂದ ನೀರು ಕಳೆದುಕೊಂಡ ಮಕ್ಕಳು ಈ ಪ್ರಯೋಗದಲ್ಲಿ ಇರಲಿಲ್ಲ. ಅವರಿಗೆ ನೀರು ಬೇಕೇ ಬೇಕು, ದಯವಿಟ್ಟು ಎರಡನ್ನೂ ಬೆರೆಸಬೇಡಿ.

ಹಾಗಾಗಿ ಆ ಮಗುವಿಗೆ ಆದದ್ದು ನಿರ್ಲಕ್ಷ್ಯ ಅನ್ನಿಸೋದಿಲ್ಲ. ಅಂಥ ಮಗು ಬಂದಾಗ ವಾರ್ಡಿನಲ್ಲಿ ಮೊದಲು ಫಿಟ್ಸ್ ನಿಲ್ಲಿಸಿ, ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ, ಕಡಿಮೆ ಇದ್ದರೆ ತಕ್ಷಣ ಗ್ಲೂಕೋಸ್. ಉಗುರಿನ ಬುಡಕ್ಕೆ ಪೆನ್ನು ಒತ್ತಿ, ಕೈ ಎಳೆದುಕೊಳ್ಳುತ್ತಾ, ಅಳುತ್ತಾ, ಕಣ್ಣು ಅಮ್ಮನ ಕಡೆ ಹೊರಳುತ್ತಾ ಅಂತ ನೋಡಿ ಪ್ರಜ್ಞೆ ಅಳೆಯುತ್ತಾರೆ. ಆಮೇಲೆ ಮಲೇರಿಯಾದ ಇಂಜೆಕ್ಷನ್ ಆರ್ಟಿಸುನೇಟ್: ಸೀಸೆಯ ಬಿಳಿ ಪುಡಿಯನ್ನು ಆಗಲೇ ಕರಗಿಸಿ ಕೊಡಬೇಕು, 20 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಕಿಲೋಗೆ 3 ಮಿಲಿಗ್ರಾಂ, ಸೇರಿದಾಗ ಒಂದು, 12 ಗಂಟೆಗೆ ಒಂದು, 24 ಗಂಟೆಗೆ ಒಂದು. ಹಿಂದೆಲ್ಲ ಇದರ ಬದಲು ಕ್ವಿನೈನ್ ಕೊಡುತ್ತಿದ್ದರು. 5,425 ಆಫ್ರಿಕನ್ ಮಕ್ಕಳ ಮೇಲಿನ ಪ್ರಯೋಗದಲ್ಲಿ ಕ್ವಿನೈನ್ ಪಡೆದವರಲ್ಲಿ 10.9%, ಆರ್ಟಿಸುನೇಟ್ ಪಡೆದವರಲ್ಲಿ 8.5% ಸತ್ತರು ಅಂತ 2010ರಲ್ಲಿ ಗೊತ್ತಾದ ಮೇಲೆ ಕ್ವಿನೈನ್ ಹಿಂದೆ ಸರಿಯಿತು. ಮಗು ನುಂಗುವ ಹಾಗಾದ ಮೇಲೆ ಮೂರು ದಿನ ಮಲೇರಿಯಾ ಮಾತ್ರೆ, ಅಲ್ಲಿನವರು ‘ಮ್ಸೆಟೊ’ ಅನ್ನೋದು ಅದನ್ನೇ. ಇಂಜೆಕ್ಷನ್ ಆದಮೇಲೆ ಹುಷಾರಾದ ಅಂತ ಮಾತ್ರೆ ಬಿಡುವ ಹಾಗಿಲ್ಲ.

ನಿಮ್ಮ ಮನೆಕೆಲಸದವರಿಗೆ ನಾನು ಕೈ ಮುಗಿಯುತ್ತೇನೆ. ಜ್ವರದ ಫಿಟ್ಸ್‌ಗೆ ಅಲ್ಲಿ ‘ದೆಗೆದೆಗೆ’ ಅಂತಾರೆ. ಅದು ಗಾಳಿ ಸೋಕಿ ಬರೋದು, ಇಂಜೆಕ್ಷನ್ ಕೊಟ್ಟರೆ ಮಗು ಸಾಯುತ್ತೆ ಅನ್ನೋ ನಂಬಿಕೆ ಹಳೆಯದು. ಮೊದಲು ನಾಟಿ ವೈದ್ಯರ ಹತ್ತಿರ ಹೋಗಿ ಹೊತ್ತು ಕಳೆದ ಮಕ್ಕಳನ್ನು ತುಂಬಾ ನೋಡಿದ್ದೇನೆ. ಈ ತಾಯಿ ನೇರವಾಗಿ ಆಸ್ಪತ್ರೆಗೆ ಹೋದಳಲ್ಲ.

ಅವಳಿಗೆ ಒಂದು ಮಾತು ಹೇಳಿ. ಆರ್ಟಿಸುನೇಟ್ ಪಡೆದ ಕೆಲವು ಮಕ್ಕಳಲ್ಲಿ ಒಂದೆರಡು ವಾರ ಆದಮೇಲೆ ಕೆಂಪು ರಕ್ತಕಣ ಒಡೆಯೋದುಂಟು. ಮಗುವಿಗೆ ಈಗ ಅದೇ ಸಮಯ. ದಿನಾ ಬೆಳಗ್ಗೆ ಮಗುವಿನ ಅಂಗೈಯನ್ನು ತನ್ನ ಅಂಗೈ ಪಕ್ಕ ಇಟ್ಟು ನೋಡಲಿ. ಬಿಳಿಚಿಕೊಂಡಿದ್ದರೆ, ಕಣ್ಣು ಹಳದಿಯಾದರೆ, ಮೂತ್ರ ಕಡು ಚಹಾ ಬಣ್ಣಕ್ಕೆ ತಿರುಗಿದರೆ, ಅವತ್ತೇ ಹಿಮೋಗ್ಲೋಬಿನ್ ನೋಡಿಸಲಿ. ಏನೂ ಕಾಣದಿದ್ದರೂ ಈ ವಾರ ಒಮ್ಮೆ ನೋಡಿಸೋದು ಒಳ್ಳೆಯದು. ಆಸ್ಪತ್ರೆಗೆ ಹೋಗಿಬರೋ ಖರ್ಚು ನೀವು ಕೊಟ್ಟರೆ ಇನ್ನೂ ಒಳ್ಳೆಯದು.