ಕಾಯಿಲೆಗೆ ಗಂಡು ಹೆಣ್ಣು ಅಂತ ಇದೆಯಾ?

ಸಕಲೇಶಪುರದ ಕಾಫಿ ಎಸ್ಟೇಟಿನಲ್ಲಿ ರೈಟರ್ (ಆಳುಗಳ ಹಾಜರಿ, ಲೆಕ್ಕ ಬರೆಯುವವರು) ಆಗಿರುವ ಓದುಗರೊಬ್ಬರ ಪತ್ರ: "ಹೃದಯಾಘಾತದ ಲೇಖನದಲ್ಲಿ ಗಂಡಸರು, ಹೆಂಗಸರು, ಕೂಲಿಯವರು ಅಂತ ವಿಂಗಡಿಸಿದ್ದೀರಿ. ಕಾಯಿಲೆಗೆ ಇಂಥ ಭೇದ ಇದೆಯಾ? ನಮ್ಮ ತಾಯಿಗೆ 58 ವರ್ಷ, ಶುಗರ್ ಇದೆ. ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಕಮ್ಮಿ ಅಂತಾರಲ್ಲ, ನಿಜವೇ?"

ಸಂಪಾದಕರ ಉತ್ತರ:

ಭೇದ ಬೇಡ ಅನ್ನುವ ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಎಲ್ಲರನ್ನೂ ಒಟ್ಟಿಗೆ ಎಣಿಸಿಬಿಟ್ಟರೆ ನಷ್ಟ ಯಾರಿಗೆ ನೋಡಿ. ಅಮೆರಿಕದಲ್ಲಿ 1977ರಿಂದ 1993ರವರೆಗೆ, ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಿಯ ಮೊದಲ ಹಂತದ ಪರೀಕ್ಷೆಗಳಿಂದ ದೂರ ಇಡಿ ಅಂತ ಮಾರ್ಗಸೂಚಿಯೇ ಇತ್ತು. ಹುಟ್ಟುವ ಮಗುವಿನ ಬಗ್ಗೆ ಭಯ. ಇನ್ನು ಜೋಲ್ಪಿಡೆಮ್ ಅನ್ನುವ ನಿದ್ದೆ ಮಾತ್ರೆ ಅಲ್ಲಿ 1992ರಿಂದ ಇದೆ. ಹೆಂಗಸರ ಮೈಯಿಂದ ಅದು ಇಳಿಯುವುದು ನಿಧಾನ, ಬೆಳಿಗ್ಗೆ ಗಾಡಿ ಓಡಿಸುವಾಗಲೂ ಮಂಪರು. ಅವರಿಗೆ 10 ಮಿಲಿಗ್ರಾಂ ಬೇಡ, 5 ಸಾಕು ಅಂತ ಶಿಫಾರಸು ಬದಲಾದದ್ದು 2013ರಲ್ಲಿ!

ಇದು ಮೈಯ ವಿಷಯವಾಯಿತು. ಬದುಕಿನ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಿಮ್ಮ ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಗಂಡಾಳು, ಹೆಣ್ಣಾಳು ಬೇರೆ ಬೇರೆ ತಾನೇ? ಮಳೆಗೆ ಮುಂಚೆ ಗಿಡಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ಔಷಧಿ) ಹೊಡೆಯುವುದು ಗಂಡಾಳು. ಸಂಜೆ ಆ ನೀಲಿ ಕಲೆಯ ಅಂಗಿ ಒಗೆಯುವವರು ಯಾರು? ಕೂಲಿಯವರ ಲೈನ್ ಮನೆಯ ನಲ್ಲಿ ಹತ್ತಿರ ಅವನ ಹೆಂಡತಿ, ಬರಿಗೈಯಲ್ಲಿ. ಔಷಧಿ ಹೊಡೆಯುವವರನ್ನು ಮಾತ್ರ ಕರೆದು ಪರೀಕ್ಷೆ ಮಾಡಿದರೆ ಅವಳು ಲೆಕ್ಕಕ್ಕೇ ಬರುವುದಿಲ್ಲ. ಹಗಲು ಹನ್ನೊಂದಕ್ಕೆ ಸರ್ವೆಗೆ ಹೋದರೆ ಅಲ್ಲಿ ಸಿಗುವವರು ಮುದುಕರು, ಮಕ್ಕಳು. ಅಸ್ಸಾಮಿನಿಂದ ಕೂಲಿಗೆ ಬಂದವರ ಮುಂದೆ ಕನ್ನಡದ ಪ್ರಶ್ನೆ ಓದಿದರೆ ಎಲ್ಲಕ್ಕೂ ಸುಮ್ನೆ ತಲೆಯಾಡಿಸುತ್ತಾರೆ. ಟ್ರಾನ್ಸ್‌ಜೆಂಡರ್ ಜನರನ್ನು ಮೂರನೆಯ ಲಿಂಗ ಅಂತ ಸುಪ್ರೀಂ ಕೋರ್ಟ್ ಒಪ್ಪಿದ್ದು 2014ರಲ್ಲಿ. ಎಷ್ಟೋ ಫಾರಂಗಳಲ್ಲಿ ಇನ್ನೂ ಎರಡೇ ಚೌಕ.

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳನ್ನು ಟಿವಿಯವರು ದಿನಾ ಎಣಿಸಿದರು. ಯಾವ ಕೆಲಸದವರು, ನೋವು ಶುರುವಾಗಿ ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟಿದರು ಅನ್ನುವುದು ನನಗೆ ಆ ಎಣಿಕೆಗಿಂತ ಮುಖ್ಯ. ಹಾಗಂತ ಹತ್ತು ಜನರನ್ನು ನೋಡಿ "ಹೆಂಗಸರು ಹೀಗೇ" ಅಂದರೆ ಅದು ಅಧ್ಯಯನವಲ್ಲ, ಕಟ್ಟೆ ಹರಟೆ.

ಇನ್ನು ನಿಮ್ಮ ತಾಯಿಯವರ ವಿಷಯ. ಮುಟ್ಟು ನಿಲ್ಲುವ ತನಕ ಹೆಂಗಸರಿಗೆ ಹೃದಯಾಘಾತ ಕಮ್ಮಿ, ನಿಜ. ಆಮೇಲೆ ಏರುತ್ತದೆ. ಶುಗರ್ ಇದ್ದರೆ ಆ ರಿಯಾಯಿತಿ ಹೆಚ್ಚುಕಮ್ಮಿ ಹೋಯಿತು ಅನ್ನಿ. ಎದೆನೋವು ಅವರಿಗೂ ಬರುತ್ತದೆ. ಜೊತೆಗೆ ಏದುಸಿರು, ವಾಕರಿಕೆ, ದವಡೆ ನೋವು, ಬೆನ್ನು ನೋವು ಗಂಡಸರಿಗಿಂತ ಜಾಸ್ತಿ. "ಗ್ಯಾಸ್ಟ್ರಿಕ್ ಇರಬೇಕು" ಅಂತ ಸೋಡಾ ಕುಡಿಸಿ ಮಲಗಿಸಬೇಡಿ. ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ.